ಗುಲಾಬಿ ತೇಪೆ

ಶಾಕಿರಾ ಚಹಾ ಕುಡಿಯುವಾಗ ತಲೆಯನ್ನು ಎಡಕ್ಕೆ ವಾಲಿಸುತ್ತಾಳೆ ಎಂಬುದು ಅಬ್ದುಲ್ ರಹೀಮನ ಕಣ್ಣಿಗೆ ಬಿದ್ದು ಎರಡು ತಿಂಗಳಾಗಿತ್ತು. ಮೊದಲು ಕಿವಿನೋವು ಇರಬೇಕು ಅಂದುಕೊಂಡ. ಆಮೇಲೊಂದು ಬೆಳಿಗ್ಗೆ ಅವನು ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದಾಗ ಅವಳು ಯಾವುದೋ ಅವಸರದಲ್ಲಿ ತಲೆ ವಾಲಿಸುವುದನ್ನು ಮರೆತಳು. ಬಲಗಡೆಯ ಮೂಗಿನ ಹೊಳ್ಳೆಯಿಂದ ಚಹಾ ಸಣ್ಣಗೆ ಇಳಿದು ಮೇಲ್ದುಟಿಯ ಮೇಲೆ ನಿಂತಿತು. ಸೆರಗಿನಿಂದ ಒರೆಸಿಕೊಂಡು ಸುತ್ತ ನೋಡಿದಳು. ಅವನು ಗೋಡೆಯ ಮರೆಗೆ ಸರಿದ. ಹಲ್ಲು ಕಿತ್ತು ಕಟ್ಟುತ್ತಾ ಮೂವತ್ತು ವರ್ಷ ಕಂಡವರ ಬಾಯೊಳಗೆ ಕೈ ಹಾಕಿದವನಿಗೆ ಅದೇನೆಂದು ತಿಳಿಯಲು ಅರೆಗಳಿಗೆ ಸಾಕಾಯಿತು. ಅಂಗುಳ ತೂತಾಗಿದೆ. ಯಾತರಿಂದ ತೂತಾಯಿತು ಎಂಬುದೂ ಅದೇ ಅರೆಗಳಿಗೆಯಲ್ಲಿ ತಿಳಿಯಿತು. ತಿಳಿದದ್ದನ್ನು ತಿಳಿಯದವನ ಹಾಗೆ ಒಳಗೆ ಇಟ್ಟುಕೊಂಡು ಓಡಾಡುವುದು ಇಷ್ಟು ಭಾರದ ಕೆಲಸ ಎಂದು ಮಾತ್ರ ಗೊತ್ತಿರಲಿಲ್ಲ.

ಇವತ್ತು ಕಡೂರಿಗೆ ಹೋಗುವ ದಿನ. ಹೋದ ವಾರ ಅಲ್ಲಿಯ ಹಲ್ಲಿನ ಡಾಕ್ಟ್ರಮ್ಮ ಹೇಮಶ್ರೀ ಶಾಕಿರಾಳ ಬಾಯಿಯೊಳಕ್ಕೆ ದೀಪ ಹಿಡಿದವರು, ಅಷ್ಟು ಹೊತ್ತೂ ಆಡುತ್ತಿದ್ದ ಮಾತನ್ನು ನಿಲ್ಲಿಸಿ, ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದಿದ್ದರು. "ಗಡ್ಡೆ ಇದ್ರೂ ಇರಬಹುದು, ನೋಡೋಣ," ಎಂದಿದ್ದರು. ಆ ಮಾತು ಕೇಳಿದ ಮೇಲೆ ಶಾಕಿರಾ ಒಂದು ವಾರ ಮನೆಯ ಕೆಲಸವನ್ನೆಲ್ಲ ಇಮ್ಮಡಿ ಮಾಡಿದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಈಗ ಬಾಗಿಲಿಗೆ ಚಿಲಕ ಹಾಕುತ್ತಾ ಮನೆಯ ದಖನಿ ಮಾತಿನಲ್ಲಿ, ದನಿ ಏರಿಸದೆ ಅಂದಳು:

"ಅಜೀ, ಅದೇ ಕಾಯಿಲೆ ಅಂದ್ರೆ ನನ್ನ ಊರೂರು ಹೊತ್ಕೊಂಡು ತಿರುಗಬೇಡಿ. ಇಲ್ಲೇ ಇದ್ಬಿಡ್ತೀನಿ."

"ಅದಲ್ಲ ಕಣೇ."

"ನಿಮಗೆ ಹೆಂಗೆ ಗೊತ್ತು?"

ಅವನು ಚಪ್ಪಲಿ ಹುಡುಕುವವನ ಹಾಗೆ ಬಗ್ಗಿದ. ಚಪ್ಪಲಿ ಕಾಲಲ್ಲೇ ಇತ್ತು. "ಅದಲ್ಲ ಅಂದೆನಲ್ಲ," ಎಂದ. ಶಾಕಿರಾ ಅವನ ಬೆನ್ನನ್ನೊಮ್ಮೆ ನೋಡಿ, ಸ್ಕ್ಯಾನಿನ ದೊಡ್ಡ ಲಕೋಟೆಯನ್ನು ಕಂಕುಳಿಗೆ ಸೇರಿಸಿಕೊಂಡು ಮುಂದೆ ನಡೆದಳು.

ಬಸ್ಸಿನಲ್ಲಿ ಅವಳಿಗೆ ಕಿಟಕಿ ಬಿಟ್ಟುಕೊಟ್ಟು ಪಕ್ಕದಲ್ಲಿ ಕೂತ. ಅವಳು ತುಟಿ ಬಿಗಿಹಿಡಿದಿದ್ದಳು. ಬಸ್ಸು ಕುಲುಕಿದಾಗೆಲ್ಲ ಮೇಲಿನ ಕಟ್ಟುಹಲ್ಲಿನ ಸೆಟ್ಟು ಕಳಚಿ ನಾಲಿಗೆಯ ಮೇಲೆ ಬೀಳುತ್ತಿತ್ತು, ಅವಳು ನಾಲಿಗೆಯಲ್ಲೇ ಅದನ್ನು ಎತ್ತಿ ಹಿಡಿಯುತ್ತಿದ್ದಳು, ಆ ಸಣ್ಣ ಟಕ್ ಸದ್ದು ಇಂಜಿನ್ನಿನ ಗದ್ದಲದಲ್ಲೂ ಅವನ ಕಿವಿಗೆ ಬೀಳುತ್ತಿತ್ತು. ಹತ್ತು ದಿನದ ಹಿಂದಿನವರೆಗೆ ಹೀಗೆ ಬೀಳುತ್ತಿರಲಿಲ್ಲ. ಬಿಲ್ಲೆ ಹಿಡಿದಿಟ್ಟಿತ್ತು. ರಬ್ಬರಿನ ಬಿಲ್ಲೆ, ಹಳೆಯ ನಾಲ್ಕಾಣೆಯಷ್ಟು ಅಗಲ, ಸೆಟ್ಟಿನ ಮೇಲ್ಭಾಗಕ್ಕೆ ಒಂದು ಗುಂಡಿಯಿಂದ ಸಿಕ್ಕಿಸಿದ್ದು. ಬಾಯಿಗೆ ಹಾಕಿದರೆ ಅಂಗುಳವನ್ನು ಹೀರಿಕೊಂಡು ಕೂತುಬಿಡುತ್ತದೆ, ಸೀನಿದರೂ ಅಲುಗುವುದಿಲ್ಲ. ಅವನ ಕಸುಬಿನ ಹೆಸರು ನಿಂತಿದ್ದೇ ಆ ಬಿಲ್ಲೆಯ ಮೇಲೆ. ಸಂತೆಯಲ್ಲಿ ಬೇರೆಯವರು ಹಾಕಿದ ಸೆಟ್ಟು ಮಾತಾಡುವಾಗ ಜಾರುತ್ತದೆ, ರಹೀಮ್ ಸಾಬರದ್ದು ಜಾರುವುದಿಲ್ಲ ಎಂದು ಜನ ಹುಡುಕಿಕೊಂಡು ಬರುತ್ತಿದ್ದರು. ಕೊಡೆಯ ಕೆಳಗೆ ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ನಗುತ್ತಿರುವ ಒಂಟಿ ಸೆಟ್ಟು. ಕೊಬ್ಬರಿ ವ್ಯಾಪಾರದ ಷಣ್ಮುಖಪ್ಪ ಇಪ್ಪತ್ತೊಂಬತ್ತು ವರ್ಷದ ಹಿಂದೊಂದು ದಿನ ಅಲ್ಲಿ ನಿಂತು ಎಲೆಯಡಿಕೆ ಉಗಿದು ಕೇಳಿದ್ದ: "ಏನ್ ಸಾಬ್ರೇ, ಅಷ್ಟೊಂದು ಗಟ್ಟಿಯಿದ್ರೆ ನಿಮ್ಮ ಮನೆಯವ್ರ ಬಾಯಿಗೆ ಯಾಕೆ ಹಾಕಿಲ್ಲ? ಊರೋರ ಬಾಯೇ ಬೇಕಾ ನಿಮಗೆ?" ಸುತ್ತ ಇದ್ದವರು ನಕ್ಕರು. ನಗದೆ ಇದ್ದವನು ರಹೀಮ್ ಒಬ್ಬನೇ. ಆ ನಗು ಕಿವಿಯೊಳಗೆ ಹೊಕ್ಕು, ತನ್ನೂರು ತರೀಕೆರೆಯವರೆಗೂ ಬಂದು, ಮನೆಯ ಬಾಗಿಲಲ್ಲೂ ಇಳಿಯದೆ ಉಳಿಯಿತು.

ಆಗ ಶಾಕಿರಾಳಿಗೆ ಮೂವತ್ತೆರಡು. ಎರಡು ದವಡೆ ಹಲ್ಲು ಹುಳುಕಾಗಿದ್ದವು, ಅಷ್ಟೇ. ಉಳಿದವು ಎಂಥ ಹಲ್ಲು! ಸಾಲು ತಪ್ಪದ ಹಲ್ಲು. ಅವನೇ ಅಚ್ಚು ತೆಗೆಯುವಾಗ ಎಷ್ಟೋ ಸಲ ಅವಳ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಹಲ್ಲು ಜೋಡಿಸಿದ್ದುಂಟು. "ಎರಡು ಕೆಟ್ಟರೆ ಉಳಿದವೂ ಕೆಡ್ತವೆ ಶಾಕಿರಾ. ಅರೆಬರೆ ಹಾಕಿದ್ರೆ ನಿಲ್ಲಲ್ಲ. ಪೂರ್ತಿ ಸೆಟ್ಟೇ ಗಟ್ಟಿ." ಅದು ಅವನ ಕಸುಬಿನವರೆಲ್ಲ ನಂಬಿದ ಮಾತು, ಅಪ್ಪನಿಂದ ಬಂದ ಮಾತು, ಒಂದೊಂದು ಹಲ್ಲು ಉಳಿದ ಬಾಯಿಗೆ ಸೆಟ್ಟು ಕೂರಿಸುವುದು ಕಷ್ಟ, ಎಲ್ಲ ತೆಗೆದ ಬಾಯಿ ಸಲೀಸು. ಸುಳ್ಳು ಹೇಳಿದೆ ಎಂದು ಅವನಿಗೆ ಆಗ ಅನಿಸಿರಲಿಲ್ಲ. ಈಗ ಬೀರೂರು ದಾಟುತ್ತಿದ್ದ ಬಸ್ಸಿನಲ್ಲಿ ಕೂತು ಕೇಳಿಕೊಂಡ: ಷಣ್ಮುಖಪ್ಪ ಆ ಮಾತು ಆಡದೆ ಇದ್ದಿದ್ದರೆ ಅಪ್ಪನ ಮಾತು ಅವತ್ತು ನೆನಪಾಗುತ್ತಿತ್ತೇ? ನಾಲ್ಕು ವಾರ ಹಿಡಿಯಿತು. ಹುಳುಕು ಹಲ್ಲು ಎರಡೂ ಸುಮ್ಮನೆ ಬಂದವು. ಒಳ್ಳೆಯವು ಬರಲಿಲ್ಲ. ಆರೋಗ್ಯವಾದ ಬೇರು ಮೂಳೆಯನ್ನು ಕಚ್ಚಿ ಹಿಡಿದು ಕೂತಿತ್ತು. ಇಕ್ಕಳ ತಿರುವಿದರೆ ಅವಳ ತಲೆಯೇ ತಿರುಗುತ್ತಿತ್ತು. ಕೆಲವು ಬುಡದಲ್ಲಿ ಮುರಿದವು. ಹತ್ತಿ ಒತ್ತಿ, "ಚೂರು ಉಳಿದಿದ್ರೆ ಮೂಳೆಯೇ ತಿಂದ್ಹಾಕ್ತದೆ," ಎಂದಿದ್ದ. ಅವಳು ಅವನ ಅಂಗಿಯ ತೋಳನ್ನು ಹಿಡಿದುಕೊಂಡಿದ್ದಳು. ಒಂದು ಸಲವೂ ಬಿಡಿ ಅನ್ನಲಿಲ್ಲ. ಅನ್ನಬಹುದಿತ್ತು, ಅಂದಿದ್ದರೆ ಬಿಡುತ್ತಿದ್ದೆ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದ. ಬಾಯಿ ತುಂಬ ಹತ್ತಿ ತುಂಬಿಸಿಕೊಂಡವಳು ಏನೆಂದು ಅನ್ನುತ್ತಾಳೆ?

ಆಮೇಲೆ ಅವಳನ್ನು ಸಂತೆಗೆ ಕರೆದುಕೊಂಡು ಹೋದ. ಕಡೂರಿಗೆ, ಅಜ್ಜಂಪುರಕ್ಕೆ. ಕೊಡೆಯ ನೆರಳಲ್ಲಿ ಅವಳು ಕೂತಿರುತ್ತಿದ್ದಳು, ಗಿರಾಕಿ ಅನುಮಾನ ಪಟ್ಟರೆ ಅವನು ಒಣಕೊಬ್ಬರಿಯ ಹೋಳೊಂದನ್ನು ಅವಳ ಕೈಗೆ ಕೊಟ್ಟು "ಕಡಿ" ಅನ್ನುತ್ತಿದ್ದ. ಅವಳು ಕಡಿಯುತ್ತಿದ್ದಳು. ಕಟಕ್ ಅಂತ ಸದ್ದಾಗುತ್ತಿತ್ತು. ಜನ ತಲೆದೂಗುತ್ತಿದ್ದರು. ಷಣ್ಮುಖಪ್ಪನೂ ಬಂದು ನೋಡಿ, ಕೊಬ್ಬರಿ ತನ್ನದೇ ಅಂಗಡಿಯದೆಂದು ಹೆಮ್ಮೆಪಟ್ಟು ಹೋದ. ಬಿಲ್ಲೆ ಹೀರಿದ ಜಾಗದಲ್ಲಿ ರಕ್ತ ಬರುತ್ತಿತ್ತು, ಅದನ್ನು ಕೊಬ್ಬರಿಯ ಜೊತೆ ನುಂಗುತ್ತಿದ್ದೆ ಎಂದು ಶಾಕಿರಾ ಹೇಳಿದ್ದು ಅವನ ಕಣ್ಣು ಮಂಜಾಗಿ, ಪೆಟ್ಟಿಗೆ ಮುಚ್ಚಿ, ಎಷ್ಟೋ ವರ್ಷವಾದ ಮೇಲೆ. ಅದೂ ದೂರಲ್ಲ, ಬೇರೆ ಯಾವುದೋ ಮಾತಿನ ನಡುವೆ, ಬೇಳೆ ಆರಿಸುತ್ತಾ.

ಕ್ಲಿನಿಕ್ಕಿನಲ್ಲಿ ಹೊರಗೆ ಕೂತವರೆಲ್ಲ ಕೆನ್ನೆಗೆ ಕೈ ಹಿಡಿದಿದ್ದರು. ಅಷ್ಟು ಬಾಯಿಗಳ ನಡುವೆ ಕೂತಿದ್ದರೂ ಅವನು ಒಂದು ಬಾಯಿಯನ್ನೂ ನೋಡಲಿಲ್ಲ. ನೆಲದ ಹೆಂಚುಗಳ ಗೀಟನ್ನೇ ನೋಡುತ್ತಿದ್ದ. ಹೋದ ವಾರ ಇದೇ ಬಾಗಿಲೊಳಗೆ ಡಾಕ್ಟ್ರಮ್ಮ ಕೇಳಿದ್ದರು, ಯಾರು ಕಿತ್ತಿದ್ದು ಇಷ್ಟೊಂದು ಹಲ್ಲನ್ನು ಅಂತ. "ಸಂತೇಲಿ ಯಾರೋ," ಎಂದಿದ್ದ ರಹೀಮ್, ಅವಳು ಬಾಯಿ ತೆರೆಯುವ ಮೊದಲೇ. ಶಾಕಿರಾ ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು. ಅದಕ್ಕೂ ಎರಡು ದಿನ ಮೊದಲು, ಅವಳು ಸ್ನಾನಕ್ಕೆ ಹೋದಾಗ, ಅವನು ಗೂಡಿನಲ್ಲಿ ನೀರಲ್ಲಿಟ್ಟಿದ್ದ ಸೆಟ್ಟನ್ನು ಎತ್ತಿಕೊಂಡು, ಬಿಲ್ಲೆ ಕಿತ್ತು, ಗುಂಡಿಯನ್ನು ಅರದಿಂದ ಉಜ್ಜಿ, ಹಳೆಯ ಪೆಟ್ಟಿಗೆಯಲ್ಲಿ ಉಳಿದಿದ್ದ, ವಸಡು ಮಾಡುವ ಗುಲಾಬಿ ಬಣ್ಣದ ಪುಡಿಯನ್ನು ಅದರ ಘಾಟಿನ ನೀರಲ್ಲಿ ಕಲಸಿ ಕುಳಿಯನ್ನು ಮುಚ್ಚಿದ್ದ. ಡಾಕ್ಟರ ಕಣ್ಣಿಗೆ ಬೀಳದಿರಲಿ ಎಂದು. ಎಂಟು ವರ್ಷದಿಂದ ಮುಟ್ಟದ ಕಸುಬು ಬೆರಳಿಗೆ ಸಲೀಸಾಗಿ ಬಂತು. ಆ ಸಲೀಸು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಸ್ನಾನ ಮುಗಿಸಿ ಬಂದವಳು ಸೆಟ್ಟು ಹಾಕಿಕೊಂಡಳು, ಅದು ಬಿತ್ತು; ಎತ್ತಿ ಮತ್ತೆ ಹಾಕಿಕೊಂಡಳು. ಮನೆಯಲ್ಲೆಲ್ಲ ಘಾಟು ತುಂಬಿತ್ತು. ಅವಳು ಕಿಟಕಿ ತೆರೆದಳು.

"ಶಾಕಿರಾ ಬೇಗಂ," ಎಂದು ಕರೆದರು.

ಹೇಮಶ್ರೀ ವಯಸ್ಸಿನಲ್ಲಿ ಚಿಕ್ಕವರು, ಮಗಳ ವಯಸ್ಸು. ಆದರೆ ಕಂಪ್ಯೂಟರಿನ ಮುಂದೆ ಕೂತಾಗ ಹಿರಿಯರ ಹಾಗೆ ಕಾಣುತ್ತಿದ್ದರು. ತೆರೆಯನ್ನು ಇವರ ಕಡೆ ತಿರುಗಿಸಿದರು. ಕಪ್ಪಿನ ನಡುವೆ ಬೂದಿಬಣ್ಣದ ದವಡೆ. ಕೆಳಗಿನದು ಬಳೆಯ ಚೂರಿನಷ್ಟು ತೆಳ್ಳಗಿತ್ತು.

"ನೋಡಿ ಅಮ್ಮ, ಹಲ್ಲು ಹೋದ ಮೇಲೆ ಮೂಳೆಗೆ ಕೆಲಸ ಇರಲ್ಲ, ಕರಗ್ತಾ ಹೋಗುತ್ತೆ. ನಿಮ್ಮದು ತುಂಬ ಕರಗಿದೆ. ಅಲ್ಲಲ್ಲಿ ಬಿಳಿ ಚೂರು ಕಾಣ್ತವೆ. ಅದು ಆಮೇಲೆ ನೋಡೋಣ. ನನಗೆ ಹೆದರಿಕೆ ಈ ತೂತಿಂದು. ಸುತ್ತ ಮೂಳೆ ತಿಂದಿದೆ. ಗಡ್ಡೆ ತಿಂದ್ರೂ ಹಿಂಗೇ ಕಾಣುತ್ತೆ. ಕ್ಯಾನ್ಸರ್ ನೋಡೋರ ಹತ್ರ ಬರೆದುಕೊಡ್ತೀನಿ, ತಡ ಮಾಡಬೇಡಿ."

ಶಾಕಿರಾಳ ಕೈ ಕುರ್ಚಿಯ ಹಿಡಿಯನ್ನು ಹುಡುಕಿ ಹಿಡಿದುಕೊಂಡಿತು. ಡಾಕ್ಟ್ರಮ್ಮ ಮೇಲಿನ ಸೆಟ್ಟನ್ನು ತಟ್ಟೆಯಿಂದ ಎತ್ತಿ ದೀಪದ ಕೆಳಗೆ ತಿರುಗಿಸಿದರು.

"ಇದೊಂದು ಅರ್ಥ ಆಗ್ಲಿಲ್ಲ. ಸೆಟ್ಟೆಲ್ಲ ಮಾಸಿದೆ, ನಡುವೆ ಇಷ್ಟಗಲ ಮಾತ್ರ ಹೊಸ ಗುಲಾಬಿ ತೇಪೆ. ಸರಿಯಾಗಿ ತೂತಿನ ನೇರಕ್ಕೆ ಬರುತ್ತೆ. ಇಲ್ಲಿ ಮುಂಚೆ ಏನಿತ್ತು ಅಮ್ಮ?"

ಶಾಕಿರಾ ಗಂಡನ ಕಡೆ ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಬಾಗಿಲು ತೆರೆದಿಟ್ಟು ಪಕ್ಕಕ್ಕೆ ನಿಂತವರು ನೋಡುವ ಹಾಗೆ ನೋಡಿದಳು. ಅವನಿಗೆ ತಟ್ಟನೆ ಅರಿವಾಯಿತು, ಅವಳಿಗೆ ಎಲ್ಲ ಗೊತ್ತು. ಬಿಲ್ಲೆ ಎಲ್ಲಿ ಹೋಯಿತು, ಘಾಟು ಯಾಕಿತ್ತು, ಎಲ್ಲವೂ. ಕ್ಯಾನ್ಸರ್ ಅನ್ನುವ ಹೆಸರನ್ನು ಒಂದು ವಾರ ಹೊಟ್ಟೆಯಲ್ಲಿಟ್ಟುಕೊಂಡು, ಒಂದೇ ಮಾತಿನಲ್ಲಿ ಅದನ್ನು ಇಳಿಸಿಕೊಳ್ಳಬಹುದಾಗಿದ್ದರೂ, ಗಂಡನ ಮಾನ ಹೋಗದಿರಲಿ ಎಂದು ಸುಮ್ಮನಿದ್ದಾಳೆ. ಅವತ್ತಿನ ಹತ್ತಿಯೇ ಇನ್ನೂ ಅವಳ ಬಾಯಲ್ಲಿದೆ ಅನಿಸಿತು.

"ಬಿಲ್ಲೆ ಇತ್ತು," ಎಂದ ರಹೀಮ್. ತನ್ನ ದನಿ ತನಗೇ ದೂರದಿಂದ ಕೇಳಿತು. "ರಬ್ಬರ್ ಬಿಲ್ಲೆ, ಮೇಡಂ. ಅಂಗುಳ ಹೀರಿ ಹಿಡಿಯೋದು. ಇಪ್ಪತ್ತೊಂಬತ್ತು ವರ್ಷ. ಕಸುಬು ಬಿಡೋ ತನಕ ವರ್ಷಕ್ಕೊಂದು ಬದಲಾಯಿಸ್ತಿದ್ದೆ. ಹೋದ ವಾರ ನಿಮಗೆ ಕಾಣಬಾರ್ದು ಅಂತ ಕಿತ್ತು ತೇಪೆ ಹಾಕ್ದೆ."

"ನೀವು ಹಾಕಿದ್ರಾ? ಹೋದ ವಾರ ಸಂತೇಲಿ ಯಾರೋ ಅಂದ್ರಿ."

"ಆ ಯಾರೋ ನಾನೇ."

ಮೂಲೆಯಲ್ಲಿ ಉಪಕರಣ ಜೋಡಿಸುತ್ತಿದ್ದ ನರ್ಸಿನ ಕೈ ನಿಂತಿತು. ನಿಲ್ಲಲಿ. ಒಂದು ಮಾತು ಹೊರಬಿದ್ದ ಮೇಲೆ ಉಳಿದವು ತಾವೇ ದಾರಿ ಮಾಡಿಕೊಂಡವು. ಅವನು ಎದ್ದು ತೆರೆಯ ಹತ್ತಿರ ಹೋದ, ಮಂಜುಗಣ್ಣನ್ನು ಕಿರಿದು ಮಾಡಿದ. "ಆ ಬಿಳಿ ಚೂರೆಲ್ಲ ಬೇರು. ಇದು ಎಡಗಡೆ ಕೋರೆಹಲ್ಲಿಂದು, ಮೊದಲ್ನೇ ವಾರ ಮುರೀತು. ಅದರ ಹಿಂದಿಂದು ಎರಡು ಕಾಲಿನ ಹಲ್ಲು, ಒಂದು ಕಾಲು ಬಂತು, ಒಂದು ಒಳಗೇ ಉಳೀತು. ಕೆಳಗಡೆ ಬಲಕ್ಕೆ ಇನ್ನೊಂದು ಇರ್ಬೇಕು, ನೋಡಿ ಮೇಡಂ, ನಿಮ್ಮ ಚಿತ್ರದಲ್ಲಿ ಕಾಣ್ತಿಲ್ಲ." ಹೇಮಶ್ರೀ ಚಿತ್ರವನ್ನು ಸರಿಸಿದರು, ಒಳಪದರಗಳನ್ನು ಒಂದೊಂದಾಗಿ ದಾಟಿಸಿದರು. ಕೆಳಗೆ ಬಲಕ್ಕೆ, ಅಕ್ಕಿನುಚ್ಚಿನಷ್ಟು ಬಿಳುಪು ಕಂಡಿತು. ಅವರು ಅವನನ್ನೇ ನೋಡುತ್ತಾ ಕೂತರು. ಬೈಗುಳ ಬರುತ್ತದೆಂದು ಅವನು ಕಾದ. ಬೈಗುಳ ಬಂದಿದ್ದರೆ ಹಗುರವಾಗುತ್ತಿತ್ತು.

"ಎಂಥ ಹಲ್ಲಿದ್ವು ಅಮ್ಮನಿಗೆ?" ಎಂದು ಕೇಳಿದರು ಅವರು.

"ಚೆನ್ನಾಗಿದ್ವು. ಎರಡು ಬಿಟ್ಟು ಎಲ್ಲ ಚೆನ್ನಾಗಿದ್ವು."

"ಇನ್ನೆಷ್ಟು ಜನರ ಬಾಯಲ್ಲಿದೆ ಆ ಬಿಲ್ಲೆ?"

"ಬದುಕಿರೋರು ಯಾರ್ಯಾರು ಅಂತ ಹೋಗಿ ನೋಡ್ಬೇಕು. ಹಿರೇನಲ್ಲೂರಲ್ಲಿದ್ದಾರೆ, ಅಜ್ಜಂಪುರದಲ್ಲಿ, ಲಿಂಗದಹಳ್ಳಿ ಕಡೆ. ಮನೆ ಗೊತ್ತು, ಬಾಯಿ ಗೊತ್ತು. ಹೋಗ್ತೀನಿ. ಬೈಸ್ಕೊಂಡಾದ್ರೂ ತೆಗೆಸಿ ಅಂತೀನಿ."

"ಹೋಗಿ," ಎಂದರು ಹೇಮಶ್ರೀ. ಆಮೇಲೆ ಶಾಕಿರಾಳ ಕಡೆ ಕುರ್ಚಿ ತಿರುಗಿಸಿಕೊಂಡರು. ಇನ್ನು ಅವನು ಆ ಕೋಣೆಯಲ್ಲಿ ಇಲ್ಲ ಎಂಬಂತೆ. "ಅಮ್ಮ, ಬಿಲ್ಲೆ ಇತ್ತು ಅಂದ್ರೆ ತೂತಿಗೆ ಅದೇ ಕಾರಣ ಇರಬೇಕು. ಆದ್ರೂ ಅಂಚಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ, ಅದು ಬಿಡೋ ಹಂಗಿಲ್ಲ. ನನ್ನ ಹೆದರಿಕೆ ಮಾತ್ರ ಅರ್ಧಕ್ಕಿಂತ ಕಡಿಮೆ ಆಯ್ತು."

ಶಾಕಿರಾ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಅದು ಬಾಯಿಂದಲೂ ಮೂಗಿನಿಂದಲೂ ಒಟ್ಟಿಗೆ, ಸಣ್ಣ ಸಿಳ್ಳಿನ ಹಾಗೆ ಬಂತು. ಅವಳೇ ಅದಕ್ಕೆ ನಕ್ಕಳು.

ಹಲ್ಲಿನ ಮಾತು ಆಮೇಲೆ ಬಂತು. ಡಾಕ್ಟ್ರಮ್ಮ ಕಾಗದದ ಮೇಲೆ ದವಡೆ ಬರೆದು ಹೇಳಿದರು. ಮೊದಲು ತೂತು ಮುಚ್ಚಬೇಕು, ಬೇರಿನ ಚೂರು ತೊಂದರೆ ಕೊಡುವಂಥವನ್ನು ತೆಗೆಯಬೇಕು, ನಿಮಗಿರುವ ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು, ಇಲ್ಲದಿದ್ದರೆ ಯಾವ ಗಾಯವೂ ಕೂಡುವುದಿಲ್ಲ. ಕೆಳಗೆ ಹಿಂದುಗಡೆ ಮೂಳೆ ಇಲ್ಲ, ಆದರೆ ಗಲ್ಲದ ಹತ್ತಿರ ಇನ್ನೂ ಇದೆ. ಅಲ್ಲಿ ಎರಡು ಸ್ಕ್ರೂ ಕೂರಿಸಿ, ಮೂರು ನಾಲ್ಕು ತಿಂಗಳು ಮೂಳೆ ಅದನ್ನು ಹಿಡಿದುಕೊಳ್ಳಲು ಬಿಟ್ಟು, ಅದರ ಮೇಲೆ ಸೆಟ್ಟನ್ನು ಟಿಚ್ ಬಟನ್ ಹಾಗೆ ಒತ್ತಿ ಕೂರಿಸಬಹುದು. ತೊಳೆಯಲು ತೆಗೆಯಬಹುದು, ತಿನ್ನುವಾಗ ಜಾರುವುದಿಲ್ಲ. ಮೇಲಿನದು ಕಷ್ಟ. ಮೂಳೆ ಕಸಿ ಮಾಡಬಹುದು, ನಿಮ್ಮ ಸೊಂಟದ ಮೂಳೆಯನ್ನೇ ಚೂರು ತೆಗೆದು ತುಂಬಬಹುದು, ಅದು ಕೂಡಲು ತಿಂಗಳುಗಟ್ಟಲೆ ಬೇಕು. ಕಸಿ ಬೇಡವೆಂದರೆ ಉದ್ದನೆಯ ಸ್ಕ್ರೂಗಳನ್ನು ಕೆನ್ನೆಯ ಮೂಳೆಗೇ ಹಾಕುತ್ತಾರೆ, ಅದಕ್ಕೆ ಬೆಂಗಳೂರಿನಲ್ಲಿ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡಬೇಕು, ಹಲ್ಲು ಮಾತ್ರ ಕಲ್ಲಿನ ಹಾಗೆ ನಿಲ್ಲುತ್ತದೆ. ಅದೂ ಬೇಡವೆಂದರೆ...

"ಕೆನ್ನೆ ಮೂಳೆದೇ ಆಗ್ಲಿ," ಎಂದ ರಹೀಮ್. ಮನೆ ಮಾರಿಯಾದರೂ, ಕಾಲು ಹಿಡಿದಾದರೂ, ಕಿತ್ತದ್ದನ್ನೆಲ್ಲ ವಾಪಸು ಕೊಡಬೇಕು. "ಮೇಲೂ ಕೆಳಗೂ ಮಾಡಿ ಮೇಡಂ. ಪೂರ್ತಿ. ಗಟ್ಟಿಯಾಗಿರ್ಲಿ."

"ಅಜೀ."

ಶಾಕಿರಾ ಅವನನ್ನು ಕರೆದದ್ದು ಮೆಲ್ಲಗೆ. ಹಲ್ಲಿಲ್ಲದ ಬಾಯಿಂದ ಮಾತು ಅಗಲವಾಗಿ ಬಂತು, ಆದರೆ ಒಂದಕ್ಷರವೂ ತಪ್ಪದೆ ಕೇಳಿತು. ಡಾಕ್ಟ್ರಮ್ಮನಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಆಡಿದಳು.

"ಅವತ್ತೂ ಹಿಂಗೇ ಅಂದ್ರಿ. ಪೂರ್ತಿ, ಗಟ್ಟಿ ಅಂತ. ಅವತ್ತು ಹೆಂಗೆ ನನ್ನ ಕೇಳ್ಲಿಲ್ವೋ ಇವತ್ತೂ ಕೇಳ್ಲಿಲ್ಲ."

ಅವನಿಗೆ ಒಂದು ಕ್ಷಣ ಅವಳ ಮಾತು ಅನ್ಯಾಯ ಅನಿಸಿತು. ಅವತ್ತಿನ ನಾನೆಲ್ಲಿ, ಇವತ್ತಿನ ನಾನೆಲ್ಲಿ. ಅವತ್ತು ನನ್ನ ಹೆಸರಿಗಾಗಿ, ಇವತ್ತು... ಇವತ್ತು ಯಾರಿಗಾಗಿ? ಕಲ್ಲಿನಂಥ ಹಲ್ಲು ಕೂರಿಸಿಕೊಂಡ ಶಾಕಿರಾಳನ್ನು ಅವನ ಮನಸ್ಸು ಆಗಲೇ ನೋಡಿಬಿಟ್ಟಿತ್ತು. ಅವಳು ನಗುತ್ತಿದ್ದಳು, ಅವನು ತಪ್ಪಿಲ್ಲದವನಾಗಿ ಪಕ್ಕದಲ್ಲಿ ನಿಂತಿದ್ದ. ಆ ಚಿತ್ರದಲ್ಲೂ ಅವಳು ಏನನ್ನೋ ಕಡಿದು ತೋರಿಸುತ್ತಿದ್ದಳು. ಅವನು ಹಿಂದಕ್ಕೆ ಸರಿದು ಕುರ್ಚಿಯಲ್ಲಿ ಕೂತ.

"ಹೇಳಿ ಅಮ್ಮ, ನಿಮಗೇನು ಬೇಕು?" ಎಂದರು ಹೇಮಶ್ರೀ.

"ಚಾ ಕುಡಿದ್ರೆ ಮೂಗಲ್ಲಿ ಬರಬಾರ್ದು. ಅದು ಮೊದ್ಲು. ನಮ್ಮಲ್ಲಿ ಮದುವೆ ಊಟಕ್ಕೆ ನಾಲ್ಕೈದು ಜನ ಹೆಂಗಸರು ಒಂದೇ ದೊಡ್ಡ ತಟ್ಟೆ ಸುತ್ತ ಕೂರ್ತೀವಿ ಮೇಡಂ. ನಾನು ಕೂತು ಎರಡು ವರ್ಷ ಆಯ್ತು. ಹೊಟ್ಟೆ ಸರಿಯಿಲ್ಲ ಅಂತ ಸುಳ್ಳು ಹೇಳಿ ಎದ್ದು ಬರ್ತೀನಿ. ನಾನು ಕೂತು ತಿನ್ನಬೇಕು. ಕೆಳಗಡೆ ಅದೇನೋ ಬಟನ್ ಅಂದ್ರಲ್ಲ, ಅದು ಹಾಕಿ. ಮೇಲಕ್ಕೆ ನೀವು ಒಂದು ಸಾದಾ ಸೆಟ್ಟು ಮಾಡಿಕೊಡಿ, ಬಿಲ್ಲೆಗಿಲ್ಲೆ ಇಲ್ಲದ್ದು. ಸ್ವಲ್ಪ ಜಾರಿದ್ರೆ ಜಾರ್ಲಿ. ಸೊಂಟ ಕೊಯ್ಯೋದು, ಕೆನ್ನೆಗೆ ಮೊಳೆ ಹೊಡೆಯೋದು ನನಗೆ ಬೇಡ. ನನಗೆ ಕೊಬ್ಬರಿ ಕಡಿಯೋ ಕೆಲಸ ಇಲ್ಲ ಈಗ."

ಹೇಮಶ್ರೀ ಅದನ್ನು ಅವಳ ಮಾತಿನ ಕ್ರಮದಲ್ಲೇ ಬರೆದುಕೊಂಡರು. ಒಪ್ಪಿಗೆಯ ಕಾಗದವನ್ನು ನರ್ಸು ರೂಢಿಯಂತೆ ಗಂಡನ ಕೈಗೆ ಕೊಡಲು ಬಂದಳು. ಡಾಕ್ಟ್ರಮ್ಮ ತಲೆಯಾಡಿಸಿದ್ದನ್ನು ಕಂಡು ಶಾಕಿರಾಳ ಮುಂದೆ ಇಟ್ಟಳು. ಹಳೆಯ ಸೆಟ್ಟು ಇನ್ನು ಮೇಲೆ ಹಾಕುವ ಹಾಗಿಲ್ಲ ಎಂದರು, ಒಂದು ದಿನವೂ. ಹೊಸದು ಬರುವವರೆಗೆ ಬರಿಬಾಯಿ. ಬಿಸಾಕಲೇ ಎಂದು ಕೇಳಿದ್ದಕ್ಕೆ ಶಾಕಿರಾ, "ಬಿಸಾಕಿ," ಎಂದಳು, ಅತ್ತ ನೋಡದೆ.

ವಾಪಸು ಬರುವಾಗ ಬಸ್ಸು ತುಂಬಿತ್ತು. ಮೂರು ಜನರ ಸೀಟಿನಲ್ಲಿ ಕಿಟಕಿಗೆ ಶಾಕಿರಾ, ನಡುವೆ ಅವನು, ಬೀರೂರಿನಲ್ಲಿ ಹತ್ತಿದ ಹೆಂಗಸೊಬ್ಬಳು ಈ ತುದಿಗೆ, ಮಡಿಲಲ್ಲಿ ಸೊಪ್ಪಿನ ಚೀಲ ಇಟ್ಟುಕೊಂಡು. ಅವಳ ಒಂದು ಕೆನ್ನೆ ಊದಿತ್ತು. ಶಾಕಿರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿರಲಿಲ್ಲ. ಕಿಟಕಿಯ ಗಾಳಿಗೆ ಮುಖ ಕೊಟ್ಟು, ಒಳಕ್ಕೆ ಮಡಿಚಿಕೊಂಡ ತುಟಿಯಲ್ಲಿ ಏನನ್ನೋ ತನ್ನಷ್ಟಕ್ಕೆ ಗುನುಗುತ್ತಿದ್ದಳು. ಹೆಂಗಸು ರಹೀಮನ ಎದೆಯ ಮೇಲಿಂದಲೇ ಬಗ್ಗಿ ನೋಡಿದಳು.

"ಹಲ್ಲೆಲ್ಲ ಏನಾದ್ವು ಅಕ್ಕಾ?"

"ಇವ್ರು ಕಿತ್ರು," ಎಂದಳು ಶಾಕಿರಾ, ಹೆಬ್ಬೆರಳಿನಲ್ಲಿ ತೋರಿಸಿ.

"ಅಯ್ ಶಿವನೇ! ಏನ್ ಸಾಬ್ರೇ, ಈ ವಯಸ್ಸಲ್ಲಿ ಹೆಂಡ್ತಿಗೆ ಹೊಡೀತೀರಾ?"

ಮುಂದಿನ ಸೀಟಿನ ಎರಡು ತಲೆಗಳು ತಿರುಗಿದವು. ಕಂಡಕ್ಟರೂ ನೋಡಿದ. ಶಾಕಿರಾ ನೆರವಿಗೆ ಬರಲಿಲ್ಲ. ಅವಳ ಭುಜ ಮಾತ್ರ ನಗುವಿಗೆ ಅಲುಗುತ್ತಿತ್ತು.

"ಹೊಡೀಲಿಲ್ಲಮ್ಮ," ಎಂದ ರಹೀಮ್, ತಿರುಗಿದವರಿಗೂ ಕೇಳುವಷ್ಟು ಗಟ್ಟಿಯಾಗಿ. "ಇಕ್ಕಳ ಹಾಕಿ ಕಿತ್ತೆ. ಒಳ್ಳೆ ಹಲ್ಲಿದ್ವು. ಕೀಳಬಾರ್ದಿತ್ತು."

ಹೆಂಗಸಿನ ಮುಖ ಅರಳಿತು. "ಹಂಗಾರೆ ನೀವು ಹಲ್ಲು ಕೀಳೋರಾ? ನೋಡಿ ಮತ್ತೆ, ದೇವ್ರು ಕಳಿಸ್ದಂಗೆ ಕಳಿಸ್ದ. ನಂದೂ ಒಂದು ಮೂರು ದಿವ್ಸದಿಂದ ಅಲ್ಲಾಡ್ತೈತೆ, ಸತ್ತೋಗ್ತಿದೀನಿ ನೋವಲ್ಲಿ." ಚೀಲ ಸರಿಸಿ, ಅವನ ಮುಖದ ಮುಂದೆಯೇ ಬಾಯಿ ಅಗಲಿಸಿದಳು. ಮಂಜುಗಣ್ಣಿಗೂ ಕಂಡಿತು: ಕೆಳಗಡೆ, ಕೊನೆಯ ಹಲ್ಲಿಗೆ ಮುಂಚಿನದು, ಬುಡ ಸಡಿಲ, ಬೆರಳಿನಲ್ಲೇ ಬರುತ್ತದೆ. ಅವನ ಬಲಗೈ ತೊಡೆ ಬಿಟ್ಟು ಎದ್ದಿತ್ತು. ಹೆಬ್ಬೆರಳು ಎಲ್ಲಿ ಒತ್ತಬೇಕು, ತೋರುಬೆರಳು ಎಲ್ಲಿ ತಡೆಯಬೇಕು, ಬೆರಳುಗಳಿಗೇ ಗೊತ್ತಿತ್ತು. ಅರೆನಿಮಿಷದ ಕೆಲಸ. ಆಮೇಲೆ ಅವಳು ಕೈಮುಗಿಯುತ್ತಾಳೆ.

"ಇಲ್ಲಮ್ಮ, ಮುಟ್ಟಲ್ಲ," ಎಂದ. "ಕಡೂರಲ್ಲಿ ಡಾಕ್ಟ್ರಮ್ಮ ಇದ್ದಾರೆ. ನಾಳೆ ಬೆಳಿಗ್ಗೆನೇ ಹೋಗಿ. ದಾರಿ ಗೊತ್ತಿಲ್ಲ ಅಂದ್ರೆ ನಾನೇ ಬಂದು ಬಾಗಿಲ ತನಕ ಬಿಡ್ತೀನಿ."

"ಅಯ್ಯೋ, ಇಷ್ಟಕ್ಕೆಲ್ಲ ಯಾರ್ ಹೋಗ್ತಾರೆ ಆಸ್ಪತ್ರೆಗೆ! ಒಂಚೂರು ಎಳೆದ್ಬಿಡಿ, ನಿಮ್ಮ ದಮ್ಮಯ್ಯ."

"ಎಳೆಯಲ್ಲ."

ಅವಳು ನಂಬಲಿಲ್ಲ. ಬಾಯಿ ತೆರೆದುಕೊಂಡೇ, ಕಣ್ಣು ಮುಚ್ಚಿ, ಕಾಯುತ್ತಾ ಕೂತಳು. ರಹೀಮ್ ಎರಡೂ ಕೈಗಳನ್ನು ತನ್ನ ತೊಡೆಯ ಕೆಳಗೆ ತೂರಿಸಿ, ಅವುಗಳ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ಕೂತುಕೊಂಡ.